ಬಡ್ಡಿ ಎಮನ್ಸ್ ಹೋಗಿ ಹತ್ತು ವರ್ಷ: ಪೆಡಲ್ ಸ್ಟೀಲ್ ಕೇಳುವವರು ಬನ್ನಿ

ತಂತಿಪ್ರಿಯ · 21 ಜುಲೈ 2025

ಬಡ್ಡಿ ಎಮನ್ಸ್ ತೀರಿಕೊಂಡಿದ್ದು 2015ರ ಜುಲೈ 21ರಂದು. ಆಗ ಅವರಿಗೆ 78 ವರ್ಷ. ಅಮೆರಿಕದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರು ಅವರನ್ನು 'ಬಿಗ್ ಇ' ಅಂತಲೇ ಕರೆಯುತ್ತಿದ್ದರು. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಅಮೆರಿಕದ ಹಳ್ಳಿಗಾಡಿನಿಂದ ಬಂದ ಕಂಟ್ರಿ ಹಾಡು ಇಷ್ಟಪಡುವವರೂ ಹಾಡಿದವರ ಹೆಸರು ಹೇಳುತ್ತಾರೆ, ಹಿಂದೆ ಎಳೆದೆಳೆದು ಬರುವ ಆ ತಂತಿ ಯಾರದ್ದು ಅಂತ ಕೇಳೋದಿಲ್ಲ. ಅಲ್ವಾ?

ಒಂದು ವಾದ್ಯವನ್ನು ಚೆನ್ನಾಗಿ ನುಡಿಸಿದವರು ಬೇಕಾದಷ್ಟು ಜನ ಸಿಗುತ್ತಾರೆ. ಎಮನ್ಸ್ ವಾದ್ಯವನ್ನೇ ತಿದ್ದಿದರು. ಇವತ್ತು ಯಾರಾದರೂ ಹೊಸದಾಗಿ ಪೆಡಲ್ ಸ್ಟೀಲ್ ಕಲಿಯೋಕೆ ಕೂತು ಎಡಗಾಲು ಪೆಡಲ್ ಮೇಲಿಟ್ಟರೆ, ಆ ಪೆಡಲ್ ಯಾವ ತಂತಿಯನ್ನು ಎಳೆಯಬೇಕು ಅಂತ ಬಹುಪಾಲು ತೀರ್ಮಾನ ಮಾಡಿಟ್ಟವರು ಇವರೇ. ಅದೂ ತಾವು ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ.

ಹುಟ್ಟಿದ್ದು 1937ರ ಜನವರಿ 27, ಇಂಡಿಯಾನಾ ರಾಜ್ಯದ ಮಿಶಾವಾಕಾ ಊರಿನಲ್ಲಿ. ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ ಆರು ತಂತಿಯ ಲ್ಯಾಪ್ ಸ್ಟೀಲ್ (ತೊಡೆ ಮೇಲಿಟ್ಟು ನುಡಿಸುವ ಗಿಟಾರ್) ಕೊಡಿಸಿ, ಪಕ್ಕದ ಸೌತ್ ಬೆಂಡ್‌ನಲ್ಲಿದ್ದ ಹವಾಯಿಯನ್ ಸಂಗೀತ ಶಾಲೆಗೆ ಸೇರಿಸಿದರು. ಹದಿಹರೆಯದಲ್ಲೇ ಓದು ಬಿಟ್ಟು ಷಿಕಾಗೋ ಪಕ್ಕದ ಕ್ಯಾಲುಮೆಟ್ ಸಿಟಿಗೆ, ಆಮೇಲೆ ಡೆಟ್ರಾಯಿಟ್‌ಗೆ ಹೋದರು. ಅಲ್ಲಿಗೆ ಕಾರ್ಯಕ್ರಮ ಕೊಡಲು ಬಂದ ಕಂಟ್ರಿ ಗಾಯಕ ಲಿಟ್ಲ್ ಜಿಮ್ಮಿ ಡಿಕೆನ್ಸ್ ಇವರ ಕೈ ಕೇಳಿ ಬ್ಯಾಂಡಿಗೆ ಸೇರಿಸಿಕೊಂಡರು. 1955ರಲ್ಲಿ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ಗೆ ಬಂದು ಇಳಿದಾಗ ವಯಸ್ಸು 18.

ನೀವು ಅವರನ್ನು ಮೊದಲು ಎಲ್ಲಿ ಕೇಳಿದಿರಿ? ಯಾವ ರೆಕಾರ್ಡ್ ಇಷ್ಟ? ಬರೆಯಿರಿ.

---

ಕಾಫಿಪುಡಿ · 21 ಜುಲೈ

ಪೆದ್ದು ಪ್ರಶ್ನೆ ಅಂತ ಬೈಬೇಡಿ. ಪೆಡಲ್ ಅಂದ್ರೆ ಎಲೆಕ್ಟ್ರಿಕ್ ಗಿಟಾರ್‌ಗೆ ಕಾಲ ಹತ್ತಿರ ಇಟ್ಟುಕೊಳ್ಳುವ ಎಫೆಕ್ಟ್ ಪೆಡಲ್ ತಾನೇ? ಅದಕ್ಕೆ ಯಾಕೆ ಇಷ್ಟು ದೊಡ್ಡ ಮಾತು?

---

ತಂತಿಪ್ರಿಯ · 21 ಜುಲೈ

@ಕಾಫಿಪುಡಿ ಬೈಯೋದೇನು ಬಂತು, ಎಲ್ಲರಿಗೂ ಹಾಗೇ ಅನ್ನಿಸುತ್ತೆ. ಎಫೆಕ್ಟ್ ಪೆಡಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಇದು ನಾಲ್ಕು ಕಾಲಿನ ಮೇಲೆ ನಿಂತಿರುವ ವಾದ್ಯ. ಹೊಲಿಗೆ ಮೆಷಿನ್ ಮುಂದೆ ಕೂತ ಹಾಗೆ ಕೂತು ನುಡಿಸಬೇಕು. ಮೇಲೆ ಹತ್ತು ತಂತಿ. ಎಡಗೈಯಲ್ಲಿ ಹಿಡಿಯೋದು ಉಕ್ಕಿನ ಒಂದು ಗುಂಡನೆಯ ಬಾರ್. ಅದನ್ನು ತಂತಿಯ ಮೇಲೆ ಇಟ್ಟು ಜಾರಿಸುತ್ತಾರೆ, ಮಾಮೂಲಿ ಗಿಟಾರ್ ತರಹ ತಂತಿಯನ್ನು ಹಲಗೆಗೆ ಒತ್ತೋದಿಲ್ಲ. ಬಲಗೈ ಹೆಬ್ಬೆರಳಿಗೂ ಎರಡು ಬೆರಳಿಗೂ ಪಿಕ್. ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಎಡಗಾಲಿನ ಕೆಳಗೆ ಮೂರು ಅಥವಾ ಜಾಸ್ತಿ ಪೆಡಲ್. ಅವುಗಳಿಂದ ಮೇಲಕ್ಕೆ ರಾಡ್‌ಗಳು ಹೋಗಿ ತಂತಿಗಳ ತುದಿಗೆ ಸೇರುತ್ತವೆ. ಪೆಡಲ್ ಒತ್ತಿದರೆ ಆ ತಂತಿ ಬಿಗಿಯಾಗಿ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದು ಸಾಲದು ಅಂತ ಮೊಣಕಾಲಿನಿಂದ ಆಚೆ ಈಚೆ ತಳ್ಳುವ ಲಿವರ್‌ಗಳೂ ಇವೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲಕ್ಕೂ ಒಟ್ಟಿಗೇ ಕೆಲಸ.

ಮೊದಮೊದಲು ಪೆಡಲ್ ಹಾಕಿದ್ದು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಬೇಗ ಹೋಗೋಕೆ. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ 1948ರಲ್ಲೇ ಸ್ಪೀಡಿ ವೆಸ್ಟ್‌ಗೆ ಪೆಡಲ್ ಇರುವ ಸ್ಟೀಲ್ ಮಾಡಿಕೊಟ್ಟಿದ್ದರು. ಆದರೆ ಎಲ್ಲರ ಕಿವಿ ನೆಟ್ಟಗಾದದ್ದು 1954ರಲ್ಲಿ. ಆ ವರ್ಷ ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' ಹಿಟ್ ಆಯಿತು. ಅದರಲ್ಲಿ ಬಡ್ ಐಸಾಕ್ಸ್ ತಂತಿ ಮೀಟಿ, ನಾದ ಇನ್ನೂ ಇರುವಾಗಲೇ ಪೆಡಲ್ ಒತ್ತಿಬಿಟ್ಟರು. ಸ್ವರಗಳು ಕಿವಿಯ ಮುಂದೆಯೇ ಬಾಗಿ ಇನ್ನೊಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಆದವು. ಆಮೇಲೆ ಊರಲ್ಲಿರೋ ಸ್ಟೀಲ್ ವಾದಕರೆಲ್ಲ ಪೆಡಲ್ ಹಾಕಿಸೋಕೆ ಓಡಿದರು. ಎಮನ್ಸ್ ಕೂಡ ಅವರಲ್ಲಿ ಒಬ್ಬರು.

---

ವೀಣೆಕ್ಕ · 22 ಜುಲೈ

ಎಮನ್ಸ್ ಮಾಡಿದ ತಿದ್ದುಪಡಿ ಏನು ಅಂತ ಸ್ವರದಲ್ಲಿ ಹೇಳಿದರೆ ನಮ್ಮವರಿಗೆ ಬೇಗ ತಿಳಿಯುತ್ತೆ. ಪ್ರಯತ್ನ ಮಾಡ್ತೀನಿ.

ಈ ವಾದ್ಯದಲ್ಲಿ ಜಾಸ್ತಿ ಬಳಕೆಯಲ್ಲಿರೋ ಶ್ರುತಿಗೆ ಇ9 ಅಂತಾರೆ. ಇ ಸ್ವರವನ್ನು ಷಡ್ಜ ಅಂದುಕೊಳ್ಳಿ. ಬಾರ್ ಒಂದು ಕಡೆ ನಿಲ್ಲಿಸಿ ಮೂರು ತಂತಿ ಮೀಟಿದರೆ ಸ, ಅಂತರ ಗಾಂಧಾರ, ಪ ಸಿಗುತ್ತೆ. ಐಸಾಕ್ಸ್ ಅವರ ಪೆಡಲ್ ಒಂದೇ ಒತ್ತಿಗೆ ಗ, ಪ ಎರಡನ್ನೂ ಮೇಲಕ್ಕೆ ಎಳೀತಿತ್ತು. ಗ ಹೋಗಿ ಶುದ್ಧ ಮಧ್ಯಮ, ಪ ಹೋಗಿ ಚತುಶ್ರುತಿ ಧೈವತ. ಸ-ಗ-ಪ ಇದ್ದದ್ದು ಸ-ಮ-ದ ಆಯಿತು. ಮಧ್ಯಮವನ್ನು ಆಧಾರವಾಗಿ ಇಟ್ಟುಕೊಂಡ ಇನ್ನೊಂದು ಕಾರ್ಡ್ ಅದು. ಕೇಳೋಕೆ ಸೊಗಸು. ಆದರೆ ಹೋದರೆ ಎರಡೂ ಹೋಗಬೇಕು, ಬಂದರೆ ಎರಡೂ ಬರಬೇಕು.

ಎಮನ್ಸ್ ಆ ಒಂದು ಪೆಡಲ್‌ನ ಕೆಲಸವನ್ನು ಎರಡು ಪೆಡಲ್‌ಗೆ ಹಂಚಿದರು. ಈಗಿನವರು ಎ ಪೆಡಲ್, ಬಿ ಪೆಡಲ್ ಅನ್ನೋದು ಅದನ್ನೇ. ಎ ಒತ್ತಿದರೆ ಪ ಮಾತ್ರ ದ ಆಗುತ್ತೆ. ಸ-ಗ-ದ ಉಳಿಯುತ್ತೆ, ಅದೊಂದು ಮೈನರ್ ಕಾರ್ಡ್. ಬಿ ಒತ್ತಿದರೆ ಗ ಮಾತ್ರ ಮ ಆಗುತ್ತೆ. ಸ-ಮ-ಪ. ಅದು ಪೂರ್ತಿ ನಿಲ್ಲದ, ಎತ್ತಲಾದರೂ ಇಳಿಯಬೇಕು ಅನ್ನಿಸುವ ಜಾಗ. ಎರಡನ್ನೂ ಒಟ್ಟಿಗೆ ಒತ್ತಿದರೆ ಐಸಾಕ್ಸ್ ಅವರದ್ದೇ ಹಳೇ ಕಾರ್ಡ್. ಒಂದು ಮುಂಚೆ, ಒಂದು ಆಮೇಲೆ ಒತ್ತಿದರೆ? ಅಲ್ಲೇ ಇರೋದು ಮಜಾ. ಒಂದು ಸ್ವರ ಏರ್ತಿರುವಾಗ ಪಕ್ಕದ್ದು ನಿಂತಿರುತ್ತೆ, ಆಮೇಲೆ ಇದು ನಿಂತು ಅದು ಇಳಿಯುತ್ತೆ.

ಎರಡನೇ ಕೆಲಸ ಇನ್ನೂ ಜಾಣತನದ್ದು. 1962ರ ಹೊತ್ತಿಗೆ ಮೇಲೆ ಎರಡು ತಂತಿ ಹೊಸದಾಗಿ ಸೇರಿಸಿದರು. ಎಫ್ ಶಾರ್ಪ್, ಡಿ ಶಾರ್ಪ್. ನಮ್ಮ ಲೆಕ್ಕದಲ್ಲಿ ರಿ ಮತ್ತು ಕಾಕಲಿ ನಿಷಾದ. ನುಡಿಸುವವರಿಗೆ ಅತಿ ದೂರದಲ್ಲಿರುವ ತಂತಿಗಳೇ ಅತಿ ಏರು ಸ್ವರದ್ದು ಆಗಿರಬೇಕಿತ್ತು. ಆದರೆ ಈ ಎರಡೂ ಮೂರನೇ ತಂತಿಗಿಂತ ತಗ್ಗು. ಸಾಲು ತಪ್ಪಿಸಿ ಕೂರಿಸಿದ್ದಾರೆ. ಯಾಕೆ ಅಂದರೆ ಮಧ್ಯದಲ್ಲಿ ತುರುಕಿದರೆ ಕೈಗೆ ಅಭ್ಯಾಸವಾಗಿರೋ ಕಾರ್ಡ್‌ಗಳ ಹಿಡಿತ ಕೆಡುತ್ತೆ.

ಈಗ ನೋಡಿ. ಬಾರ್ ಕದಲಿಸದೆ ಸ ರಿ ಗ, ಬಿ ಪೆಡಲ್‌ನಲ್ಲಿ ಮ, ಪೆಡಲ್ ಬಿಟ್ಟು ಪ, ಎ ಪೆಡಲ್‌ನಲ್ಲಿ ದ, ಎರಡನೇ ತಂತಿಯಲ್ಲಿ ನಿ, ನಾಲ್ಕನೇ ತಂತಿಯಲ್ಲಿ ಮೇಲಿನ ಸ. ಒಂದೇ ಜಾಗದಲ್ಲಿ ಪೂರ್ತಿ ಶಂಕರಾಭರಣದ ಆರೋಹಣ! ಇದನ್ನು ಲೆಕ್ಕ ಹಾಕಿ ನೋಡಿದಾಗ ನಾನು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟೆ.

---

ಕಾಫಿಪುಡಿ · 22 ಜುಲೈ

ವೀಣೆಕ್ಕ, ಅರ್ಧ ತಲೆಗೆ ಹೋಯ್ತು, ಅರ್ಧ ಮೇಲೆ ಹೋಯ್ತು. ಆದ್ರೆ ಶಂಕರಾಭರಣ ಅಂದ್ರಲ್ಲ, ಅದು ಗೊತ್ತಾಯ್ತು 😄 ಹಾಗಾದ್ರೆ ನಮ್ಮ ರಾಗ ನುಡಿಸಬಹುದಾ ಇದರಲ್ಲಿ?

---

ವೀಣೆಕ್ಕ · 22 ಜುಲೈ

ನುಡಿಸಬಹುದು. ಆದರೆ ಪೆಡಲ್ ನಂಬಿಕೊಂಡು ಕೂತರೆ ಗಮಕ ಬರೋದಿಲ್ಲ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದಾಗ ಎಷ್ಟು ಎಳೀಬೇಕು, ಎಲ್ಲಿ ತೂಗಬೇಕು ಅಂತ ಬೆರಳು ಆ ಕ್ಷಣಕ್ಕೆ ತೀರ್ಮಾನ ಮಾಡುತ್ತೆ. ಪೆಡಲ್‌ಗೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಸ್ಕ್ರೂ ತಿರುಗಿಸಿ ಗೊತ್ತುಮಾಡಿರ್ತಾರೆ. ಅರ್ಧ ಒತ್ತಿ ನಿಲ್ಲಿಸೋದು ಗಟ್ಟಿಗರು ಮಾಡ್ತಾರೆ, ಆದರೆ ಅದು ಕಾಲಿನ ಕೆಲಸ. ತೋಡಿ ಗಾಂಧಾರವನ್ನು ಪಾದದಲ್ಲಿ ತೂಗೋಕೆ ನನಗೆ ಧೈರ್ಯ ಇಲ್ಲಪ್ಪ. ಬಾರ್‌ನಿಂದಲೇ ಜಾರು ಮಾಡ್ತೀನಿ ಅಂದರೆ ನಮ್ಮ ಗೋಟುವಾದ್ಯವೇ ಇದೆಯಲ್ಲ. ಮೆಟ್ಟಿಲಿಲ್ಲ, ಕೈಯಲ್ಲಿ ಮರದ ತುಂಡು, ಎಷ್ಟು ಬೇಕಾದರೂ ಜಾರಿ.

ಇದರ ಬಲ ಬೇರೆ ಕಡೆ ಇದೆ. ಮೂರು ತಂತಿ ಒಟ್ಟಿಗೆ ನುಡೀತಿರುವಾಗ ಅದರಲ್ಲಿ ಒಂದನ್ನು ಮಾತ್ರ ಕದಲಿಸೋದು. ಅದು ನಮ್ಮ ಯಾವ ತಂತಿವಾದ್ಯಕ್ಕೂ ಇಷ್ಟು ಸಲೀಸಲ್ಲ.

---

ಬ್ರಾಡ್‌ವೇ_ಕನ್ನಡಿಗ · 22 ಜುಲೈ

ನಾನು ಟೆನೆಸಿಯಲ್ಲಿ ಇರೋನು. ಊರಿಂದ ನೆಂಟರು ಬಂದಾಗಲೆಲ್ಲ ನ್ಯಾಶ್‌ವಿಲ್‌ನ ಲೋವರ್ ಬ್ರಾಡ್‌ವೇಗೆ ಕರ್ಕೊಂಡು ಹೋಗೋದು ನನ್ನ ಪಾಲಿನ ಡ್ಯೂಟಿ. ಬೀದಿಯ ಎರಡೂ ಕಡೆ ಬಾರ್‌ಗಳು, ಪ್ರತಿ ಬಾರ್‌ನಲ್ಲೂ ಒಂದು ಬ್ಯಾಂಡ್. ಎಲ್ಲರೂ ಬೂಟು ಹ್ಯಾಟು ಅಂಗಡಿ ನೋಡ್ತಾರೆ. ನಾನು 416ನೇ ನಂಬರ್ ಕಟ್ಟಡ ತೋರಿಸ್ತೀನಿ. ಎಮನ್ಸ್ ಸೇರಿ ಕಟ್ಟಿದ ಸ್ಟೀಲ್ ಗಿಟಾರ್ ಕಂಪನಿ ಷೋ-ಬಡ್‌ನ ಅಂಗಡಿ ಇದ್ದದ್ದು ಅಲ್ಲಿ. ಹಿಂದುಗಡೆಯೇ ರೈಮನ್ ಆಡಿಟೋರಿಯಂ. ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ 1974ರ ತನಕ ಅಲ್ಲೇ ನಡೀತಿತ್ತು. ವಾದ್ಯಗಾರರಿಗೆ ವೇದಿಕೆಯಿಂದ ಇಳಿದು ಗಲ್ಲಿ ದಾಟಿದರೆ ರಿಪೇರಿ ಅಂಗಡಿ.

ಷೋ-ಬಡ್ ಶುರುವಾದದ್ದು 1957ರ ಸುಮಾರಿಗೆ. ಷಾಟ್ ಜ್ಯಾಕ್ಸನ್ ಡೋಬ್ರೋ (ಲೋಹದ ತಟ್ಟೆ ಕೂರಿಸಿದ ಗಿಟಾರ್) ಮತ್ತು ಸ್ಟೀಲ್ ವಾದಕರು, ವಯಸ್ಸಲ್ಲಿ ದೊಡ್ಡವರು. ಎಮನ್ಸ್ ಇನ್ನೂ ಹುಡುಗ. ಇಬ್ಬರ ಹೆಸರೂ ಸೇರಿ ಕಂಪನಿ ಹೆಸರಾಯ್ತು. ಮಾರುಕಟ್ಟೇಲಿ ಸಿಗ್ತಿದ್ದ ಸ್ಟೀಲ್‌ಗಳು ತಮಗೆ ಬೇಕಾದ ಕೆಲಸ ಮಾಡ್ತಿರಲಿಲ್ಲ, ಅದಕ್ಕೆ ತಾವೇ ಮಾಡಿದರು, ಅಷ್ಟೇ. ಎಮನ್ಸ್ 1963ರಲ್ಲಿ ಅದನ್ನೂ ಬಿಟ್ಟು ರಾನ್ ಲ್ಯಾಶ್ಲಿ ಜೊತೆ ಎಮನ್ಸ್ ಗಿಟಾರ್ ಕಂಪನಿ ಕಟ್ಟಿದರು. ಕಾರ್ಖಾನೆ ನಾರ್ತ್ ಕೆರೊಲೈನಾದ ಬರ್ಲಿಂಗ್ಟನ್‌ನಲ್ಲಿ. ಅವರ ಹಳೇ 'ಪುಷ್-ಪುಲ್' ಸ್ಟೀಲ್‌ಗೆ ಇವತ್ತಿಗೂ ಜನ ಸಾಲು ನಿಲ್ತಾರೆ. ಟೋನ್ ಅಂದ್ರೆ ಅದೇ ಅಂತಾರೆ. ಶ್ರುತಿ ಹೊಂದಿಸೋಕೆ ಹೋದ್ರೆ ತಲೆ ಕೆಡುತ್ತೆ ಅಂತಾನೂ ಅದೇ ಜನ ಹೇಳ್ತಾರೆ.

ಒಂದು ಸಿಟ್ಟು ಇದೆ, ಹೇಳಿಬಿಡ್ತೀನಿ. ಸೇಂಟ್ ಲೂಯಿಸ್‌ನ ಸ್ಟೀಲ್ ಗಿಟಾರ್ ಹಾಲ್ ಆಫ್ ಫೇಮ್ (ದೊಡ್ಡ ಕಲಾವಿದರ ಗೌರವ ಪಟ್ಟಿ) 1981ರಲ್ಲೇ ಅವರನ್ನು ಸೇರಿಸಿಕೊಂಡಿತು. ಅದು ಸ್ಟೀಲ್ ವಾದಕರ ಮನೆ, ಸರಿ. ಆದರೆ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಎಮನ್ಸ್ ಇನ್ನೂ ಇಲ್ಲ. ಪೆಡಲ್ ಸ್ಟೀಲ್ ವಾದಕರು ಅಂತ ಅಲ್ಲಿಗೆ ಮೊದಲು ಆಯ್ಕೆಯಾದದ್ದು ಪೀಟ್ ಡ್ರೇಕ್, ಅದೂ 2021ರಲ್ಲಿ. ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ. ಕಂಟ್ರಿ ಅಂದ್ರೆ ಯಾವ ವಾದ್ಯ ಕಿವಿಗೆ ಬೀಳುತ್ತೋ ಆ ವಾದ್ಯ ನುಡಿಸಿದವರಿಗೆ ಇಷ್ಟು ತಡ!

---

ಮೂನಿ_ಅಭಿಮಾನಿ · 23 ಜುಲೈ

ಎಲ್ಲರೂ ಹೊಗಳ್ತಿದ್ದೀರಿ, ನಾನೊಬ್ಬ ತಕರಾರು ತೆಗೀತೀನಿ. ಬೇಜಾರು ಮಾಡ್ಕೋಬೇಡಿ.

ಎಮನ್ಸ್ ದೊಡ್ಡ ಮೆದುಳು, ಒಪ್ಪಿದೆ. ಆದರೆ ಎದೆಗೆ ತಾಗೋದು ಬೇರೆಯವರು. ಬಕ್ ಓವೆನ್ಸ್ ಹಾಡಿದ 'ಟುಗೆದರ್ ಅಗೇನ್' (1964) ತೆಗೆದು ಮಧ್ಯದಲ್ಲಿ ಟಾಮ್ ಬ್ರಂಲಿ ನುಡಿಸಿದ್ದನ್ನು ಕೇಳಿ. ಒಂದೊಂದು ಸ್ವರಕ್ಕೂ ಜಾಗ ಕೊಟ್ಟು ನುಡಿಸಿದ್ದಾರೆ. ಜಂಬ ಇಲ್ಲ. ಇನ್ನು ರಾಲ್ಫ್ ಮೂನಿ. ವೇಲನ್ ಜೆನಿಂಗ್ಸ್ ಜೊತೆ ವರ್ಷಗಟ್ಟಲೆ ಇದ್ದರು. ಆ ಚಟಪಟ ಕಚ್ಚುವ ಶಬ್ದ ಕೇಳಿದರೆ ಎರಡೇ ಸೆಕೆಂಡಿಗೆ ಮೂನಿ ಅಂತ ಗೊತ್ತಾಗುತ್ತೆ. 2011ರಲ್ಲಿ ಹೋದರು. ಎಮನ್ಸ್ ಅವರದ್ದು ಎಲ್ಲವೂ ಸರಿ, ಎಲ್ಲವೂ ನಯ. ನನಗೆ ಸ್ವಲ್ಪ ಜಾಸ್ತಿ ನಯ.

---

ತಂತಿಪ್ರಿಯ · 23 ಜುಲೈ

@ಮೂನಿ_ಅಭಿಮಾನಿ ಬ್ರಂಲಿ ಬಗ್ಗೆ ನನ್ನ ತಕರಾರೇ ಇಲ್ಲ. ಆದರೆ 'ಜಂಬ' ಅಂತ ಸುಮ್ನೆ ಎಮನ್ಸ್ ತಲೆಗೆ ಕಟ್ಟಬೇಡಿ. ರೇ ಪ್ರೈಸ್ ಅವರ 'ನೈಟ್ ಲೈಫ್' (1963) ಕೇಳಿದ್ದೀರಾ? ಎಮನ್ಸ್ 1962ರಲ್ಲಿ ಪ್ರೈಸ್ ಅವರ ಚೆರೊಕೀ ಕೌಬಾಯ್ಸ್ ಬ್ಯಾಂಡ್ ಸೇರಿದ್ದರು. ಆ ಹಾಡಿನ ಶುರುವಿನಲ್ಲಿ ಸ್ಟೀಲ್ ಬ್ಲೂಸ್ ಎಳೀತಾ ಒಳಗೆ ಬರುತ್ತೆ, ನಾಲ್ಕು ಮಾತು ಆಡುತ್ತೆ, ಪ್ರೈಸ್ ಬಾಯಿ ತೆಗೆದ ತಕ್ಷಣ ಪಕ್ಕಕ್ಕೆ ಸರಿಯುತ್ತೆ. ಆಮೇಲೆ ಸಾಲು ಸಾಲಿನ ನಡುವೆ, ಗಾಯಕ ಉಸಿರು ತಗೊಳ್ಳುವ ಸಂದಿಯಲ್ಲಿ ಮಾತ್ರ ಬಂದು ಹೋಗುತ್ತೆ. ಹಾಡಿನ ಮಾತಿನ ಮೇಲೆ ಒಂದು ಸಲವೂ ಕಾಲಿಡೋದಿಲ್ಲ.

ಇಷ್ಟು ತಿಳಿದವನು ಇಷ್ಟು ಸುಮ್ಮನೆ ಇರೋದು ಕಷ್ಟ. ಅದನ್ನೇ ನಾನು ಅವರ ದೊಡ್ಡತನ ಅನ್ನೋದು.

---

ಜಾಝ್_ಜಗಲಿ · 23 ಜುಲೈ

'ಇಷ್ಟು ತಿಳಿದವನು' ಅಂದಿರಲ್ಲ, ಎಷ್ಟು ತಿಳಿದಿದ್ದರು ಅಂತ ನೋಡಬೇಕಾದರೆ 1963ರ 'ಸ್ಟೀಲ್ ಗಿಟಾರ್ ಜಾಝ್' ಕೇಳಬೇಕು. ಮರ್ಕ್ಯುರಿ ಕಂಪನಿಗೆ ನ್ಯೂಯಾರ್ಕ್‌ನಲ್ಲಿ ಮಾಡಿದ್ದು. ಅವರ ಜೊತೆ ನುಡಿಸಿದ್ದು ನ್ಯಾಶ್‌ವಿಲ್ ಜನ ಅಲ್ಲ, ಅಪ್ಪಟ ಜಾಝ್‌ನವರು. ಜೆರೋಮ್ ರಿಚರ್ಡ್‌ಸನ್ ಸ್ಯಾಕ್ಸೊಫೋನ್, ಬಾಬಿ ಸ್ಕಾಟ್ ಪಿಯಾನೊ, ಆರ್ಟ್ ಡೇವಿಸ್ ಬಾಸ್, ಚಾರ್ಲಿ ಪರ್ಸಿಪ್ ಡ್ರಮ್ಸ್. ಆರ್ಟ್ ಡೇವಿಸ್ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದವರು, ಪರ್ಸಿಪ್ ಡಿಜ್ಜಿ ಗಿಲೆಸ್ಪಿ ಬ್ಯಾಂಡಿನಲ್ಲಿದ್ದವರು. ಅವರ ಮಧ್ಯೆ ಇಂಡಿಯಾನಾದಿಂದ ಬಂದ 26 ವರ್ಷದ ಕಂಟ್ರಿ ಹುಡುಗ ಸ್ಟೀಲ್ ಇಟ್ಟುಕೊಂಡು ಕೂತು ಸೋನಿ ರಾಲಿನ್ಸ್ ಅವರ 'ಒಲಿಯೊ' ನುಡಿಸ್ತಾರೆ.

ಒಂದು ವಿಷಯ ಗಮನಿಸಿ. ವೀಣೆಕ್ಕ ಹೇಳಿದ್ದು ಇ9 ಬಗ್ಗೆ. ಜೋಡಿ ನೆಕ್ (ಎರಡು ಸಾಲು ತಂತಿ) ಇರೋ ಸ್ಟೀಲ್‌ನಲ್ಲಿ ಇನ್ನೊಂದು ನೆಕ್‌ಗೆ ಸಿ6 ಶ್ರುತಿ ಇರುತ್ತೆ. ಅದು ದಪ್ಪ ದನಿಯದ್ದು. ಜಾಝ್, ಸ್ವಿಂಗ್ ಎಲ್ಲ ಸಾಮಾನ್ಯವಾಗಿ ಅದರ ಮೇಲೆ. ಕಂಟ್ರಿ ಕೇಳುವವರು ಎಮನ್ಸ್ ಅಂದರೆ ಇ9 ಅಂತಾರೆ. ನನ್ನಂಥವರಿಗೆ ಎಮನ್ಸ್ ಅಂದರೆ ಸಿ6. ಆ ರೆಕಾರ್ಡ್ ಮಾರಾಟದಲ್ಲಿ ಏನಾಯ್ತು ಅನ್ನೋದು ಬಿಡಿ, ಆಮೇಲೆ ಜಾಝ್ ನುಡಿಸೋಕೆ ಹೊರಟ ಸ್ಟೀಲ್‌ನವರೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕು.

1978ರಲ್ಲಿ ಗಿಟಾರ್ ವಾದಕ ಲೆನ್ನಿ ಬ್ರೋ ಜೊತೆ ಮಾಡಿದ 'ಮೈನರ್ಸ್ ಅಲೌಡ್' ಕೂಡ ಹುಡುಕಿ ಕೇಳಿ.

---

ಬ್ರಾಡ್‌ವೇ_ಕನ್ನಡಿಗ · 23 ಜುಲೈ

ಇನ್ನೊಂದು ತಮಾಷೆ ಗೊತ್ತಾ? 60ರ ದಶಕದ ಕೊನೆಯಲ್ಲಿ ಈ ಮಹಾಶಯ ನ್ಯಾಶ್‌ವಿಲ್ ಬಿಟ್ಟು ಲಾಸ್ ಏಂಜಲಿಸ್‌ಗೆ ಹೋದರು. ಯಾಕೆ? ಗಾಯಕ ರೋಜರ್ ಮಿಲ್ಲರ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸೋಕೆ! ಬಿಡುವಿನಲ್ಲಿ ಸ್ಟುಡಿಯೋಗಳಿಗೆ ಹೋಗಿ ಸ್ಟೀಲ್ ನುಡಿಸ್ತಿದ್ದರು. ಜೂಡಿ ಕಾಲಿನ್ಸ್ 1968ರಲ್ಲಿ ಹಾಡಿದ 'ಸಮ್‌ಡೇ ಸೂನ್' ಕೇಳಿದವರು ಇಲ್ಲಿ ಇರಬಹುದು. ಅದರಲ್ಲಿರೋ ಸ್ಟೀಲ್ ಇವರದ್ದೇ. 1974ರಲ್ಲಿ ವಾಪಸ್ ನ್ಯಾಶ್‌ವಿಲ್. 90ರ ದಶಕದಲ್ಲಿ ಗಾಯಕ ಜೋಡಿ ಎವರ್ಲಿ ಬ್ರದರ್ಸ್ ಜೊತೆ ಊರೂರು ತಿರುಗಿದರು.

---

ಕಾಫಿಪುಡಿ · 24 ಜುಲೈ

'ಸಮ್‌ಡೇ ಸೂನ್' ನಮ್ಮ ಅತ್ತೆ ಮನೇಲಿ ಕ್ಯಾಸೆಟ್ ಇತ್ತು!! ಅದರಲ್ಲಿ ಹಿಂದೆ ಬರೋದು ಪಿಟೀಲು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ತಾನೆ ಹೆಡ್‌ಫೋನ್ ಹಾಕಿ ಕೇಳಿದೆ. ಮೀಟಿದ ಸದ್ದೇ ಕೇಳೋದಿಲ್ವಲ್ಲ? ಸ್ವರ ಎಲ್ಲಿಂದಲೋ ಊದಿಕೊಂಡು ಬರುತ್ತೆ. ಅದು ಹೇಗೆ?

---

ಮೂರನೇ_ತಂತಿ · 24 ಜುಲೈ

ಅದು ಬಲಗಾಲಿನ ಕೆಲಸ. ವಾಲ್ಯೂಮ್ ಪೆಡಲ್ ಪೂರ್ತಿ ಒತ್ತಿಟ್ಟು ಮೀಟೋದಿಲ್ಲ. ಸ್ವಲ್ಪ ಹಿಂದಕ್ಕೆ ಇಟ್ಟು ಮೀಟಿ, ತಂತಿಯ ನಾದ ಕಮ್ಮಿ ಆಗ್ತಾ ಹೋದ ಹಾಗೆ ಪೆಡಲ್ ಮುಂದಕ್ಕೆ ಒತ್ತುತ್ತಾ ಹೋಗ್ತಾರೆ. ತಂತಿ ಸೋಲ್ತಾ ಇರುತ್ತೆ, ಕಾಲು ಅದನ್ನು ಎತ್ತಿ ಹಿಡಿಯುತ್ತೆ. ಕೇಳೋರಿಗೆ ಒಂದೇ ಮಟ್ಟದಲ್ಲಿ ಉದ್ದಕ್ಕೆ ಹೋದಂತೆ ಕೇಳುತ್ತೆ. ಹೊಸಬರು ತಾಳಕ್ಕೆ ಕಾಲು ಕುಟ್ಟಿದ ಹಾಗೆ ಅದನ್ನು ಒತ್ತಿಬಿಡ್ತಾರೆ, ಆಗ ಊಳಿಟ್ಟ ಹಾಗಾಗುತ್ತೆ. ನಾನೂ ಆ ಜಾತಿಗೇ ಸೇರಿದವನು, ಪಕ್ಕದ ಮನೆಯವರನ್ನು ಕೇಳಿ.

ನಾನು ಬೆಂಗಳೂರಲ್ಲಿ ಒಂದು ಸಿಂಗಲ್ ನೆಕ್ ಇಟ್ಟುಕೊಂಡು ಒದ್ದಾಡ್ತಿದ್ದೀನಿ. ಕಲಿಸೋರು ಹತ್ತಿರದಲ್ಲಿ ಸಿಗಲಿಲ್ಲ. ಎಲ್ಲ ವಿಡಿಯೋ ನೋಡಿಯೇ. ನನ್ನ ಹೆಸರು ಯಾಕೆ ಹೀಗೆ ಅಂತ ನುಡಿಸುವವರಿಗೆ ಗೊತ್ತಿರುತ್ತೆ. ಇ9ನಲ್ಲಿ ಮೂರನೇ ತಂತಿ ಜಿ ಶಾರ್ಪ್. 0.011 ಇಂಚಿನ ಕೂದಲೆಳೆ ತಂತಿ. ಮೊದಲೇ ಗಟ್ಟಿಯಾಗಿ ಬಿಗಿದಿರುತ್ತೆ, ಬಿ ಪೆಡಲ್ ಒತ್ತಿದಾಗಲೆಲ್ಲ ಅರ್ಧ ಸ್ವರ ಇನ್ನೂ ಮೇಲಕ್ಕೆ ಹೋಗಬೇಕು. ಅದು ಹರಿಯೋಷ್ಟು ಬೇರೆ ಯಾವುದೂ ಹರಿಯೋದಿಲ್ಲ. ಟಪ್ ಅಂತ ಶಬ್ದ ಬಂದರೆ ತಂಗಿ ಒಳಗಿಂದಲೇ 'ಮೂರನೇದಾ?' ಅಂತಾಳೆ. ಸೆಟ್ ತರಿಸಿದಾಗ ಕಸ್ಟಮ್ಸ್, ಕೊರಿಯರ್ ಎಲ್ಲ ಸೇರಿ ತಂತಿಗಿಂತ ಅದರ ಪ್ರಯಾಣದ ಖರ್ಚೇ ಜಾಸ್ತಿ. ಈಗ ಮಾಮೂಲಿ ಗಿಟಾರ್‌ನ ಬಿಡಿ 0.011 ತಂತಿಗಳನ್ನೇ ಮೂಟೆಗಟ್ಟಲೆ ಇಟ್ಟುಕೊಂಡಿದ್ದೀನಿ.

ಹೊಸದಾಗಿ ಕೊಳ್ಳೋರಿಗೆ ಒಂದು ಮಾತು. ಪೆಡಲ್‌ಗಳನ್ನು ಎಡದಿಂದ ಬಲಕ್ಕೆ ಎ, ಬಿ, ಸಿ ಅಂತ ಜೋಡಿಸಿದರೆ ಅದಕ್ಕೆ 'ಎಮನ್ಸ್ ಸೆಟಪ್' ಅಂತಾರೆ. ತಿರುಗಾಮುರುಗಾ ಸಿ, ಬಿ, ಎ ಅಂತ ಇದ್ದರೆ 'ಡೇ ಸೆಟಪ್', ಇನ್ನೊಬ್ಬ ಸ್ಟೀಲ್ ವಾದಕ ಜಿಮ್ಮಿ ಡೇ ಅವರ ಹೆಸರಲ್ಲಿ. ಕೊಳ್ಳೋ ಮುಂಚೆ ಯಾವುದು ಅಂತ ಕೇಳಿ. ಒಂದಕ್ಕೆ ಪಾದ ಪಳಗಿದ ಮೇಲೆ ಇನ್ನೊಂದಕ್ಕೆ ಬದಲಾಯಿಸೋದು ನರಕ.

---

ಹವಾಯಿ_ಹುಚ್ಚ · 24 ಜುಲೈ

ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಮ್ಮ ಬ್ರಿಜ್ ಭೂಷಣ್ ಕಾಬ್ರಾ ಹುಟ್ಟಿದ್ದೂ 1937ರಲ್ಲೇ, ಎಮನ್ಸ್ ಹುಟ್ಟಿದ ವರ್ಷವೇ. ಜೋಧಪುರದವರು, ಅಲಿ ಅಕ್ಬರ್ ಖಾನ್ ಅವರ ಶಿಷ್ಯರು. ಗಿಟಾರನ್ನು ತೊಡೆ ಮೇಲೆ ಮಲಗಿಸಿ, ಉಕ್ಕಿನ ಬಾರ್ ಜಾರಿಸಿ ಹಿಂದೂಸ್ತಾನಿ ರಾಗ ನುಡಿಸಿದರು. 1967ರ 'ಕಾಲ್ ಆಫ್ ದ ವ್ಯಾಲಿ'ಯಲ್ಲಿ ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಗಿಟಾರ್ ಕಾಬ್ರಾ. 2018ರಲ್ಲಿ ಹೋದರು.

ಎರಡೂ ಒಂದೇ ಬೇರಿನಿಂದ ಬಂದದ್ದು. 1880ರ ದಶಕದ ಕೊನೆಯಲ್ಲಿ ಹವಾಯಿಯ ಹುಡುಗ ಜೋಸೆಫ್ ಕೆಕುಕು ಗಿಟಾರ್ ತಂತಿ ಮೇಲೆ ಉಕ್ಕು ಜಾರಿಸೋದನ್ನು ರೂಢಿಗೆ ತಂದ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಹವಾಯಿ ಸಂಗೀತ ಕೇಳಿ ಅಮೆರಿಕಕ್ಕೆ ಹುಚ್ಚು ಹಿಡೀತು. ಇಂಡಿಯಾನಾದ ಸಣ್ಣ ಊರಲ್ಲೂ ಹವಾಯಿಯನ್ ಸಂಗೀತ ಶಾಲೆ ಇದ್ದದ್ದು ಅದೇ ಹುಚ್ಚಿನಿಂದ. ಅದೇ ಅಲೆ ಕಲ್ಕತ್ತಾಕ್ಕೂ ಬಂತು. ಹವಾಯಿಯ ಟಾವು ಮೋ 1940ರ ದಶಕದಲ್ಲಿ ಅಲ್ಲಿ ವರ್ಷಗಟ್ಟಲೆ ಇದ್ದು ನುಡಿಸಿದರು. ಅಮೆರಿಕದವರು ಕಾರ್ಡ್ ಬೇಕು ಅಂತ ಪೆಡಲ್ ಹಾಕಿದರು. ನಮ್ಮವರಿಗೆ ಬೇಕಾದದ್ದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಅದಕ್ಕೆ ಬಾರ್ ಸಾಕಾಯ್ತು. ಜೊತೆಗೆ ತಾಳಕ್ಕೆ ಚಿಕಾರಿ ತಂತಿ ಸೇರಿಸಿಕೊಂಡರು.

ಇನ್ನೂ ಹಿಂದಕ್ಕೆ ಹೋದರೆ, ಕೆಕುಕುಗಿಂತ ಮೊದಲೇ ಹವಾಯಿಯಲ್ಲಿ ಹೀಗೆ ನುಡಿಸಿದವನು ಭಾರತದಲ್ಲಿ ಹುಟ್ಟಿದ ಗೇಬ್ರಿಯಲ್ ಡೇವಿಯನ್ ಅಂತ ಹೇಳುವವರೂ ಇದ್ದಾರೆ.

---

ಮೂನಿ_ಅಭಿಮಾನಿ · 24 ಜುಲೈ

ಬಂತಪ್ಪ! ನಾನು ಕಾಯ್ತಾನೇ ಇದ್ದೆ, ಯಾವಾಗ 'ಎಲ್ಲಾ ನಮ್ಮಿಂದಲೇ ಹೋಗಿದ್ದು' ಬರುತ್ತೆ ಅಂತ 😂

---

ಹವಾಯಿ_ಹುಚ್ಚ · 24 ಜುಲೈ

'ಹೇಳುವವರಿದ್ದಾರೆ' ಅಂದೆ ಮಾರಾಯ್ರೇ, ಪೇಟೆಂಟ್ ಕೇಳಲಿಲ್ಲ.

ಜೆರ್ರಿ ಬರ್ಡ್ ವಿಷಯ ಹೇಳಿದ್ರೆ ಸಮಾಧಾನ ಆಗಬಹುದು. ಎಮನ್ಸ್ ಹುಡುಗನಾಗಿದ್ದಾಗ ಆರಾಧಿಸಿದ್ದು ಇವರನ್ನು. ಒಹಾಯೊದವರು, ಸಿ6 ಶ್ರುತಿ ರೂಢಿಗೆ ತಂದವರು. ಪೆಡಲ್ ಬಂದಾಗ ಊರೆಲ್ಲ ಪೆಡಲ್ ಹಾಕಿಸಿಕೊಂಡರೂ ಇವರು ಮಾತ್ರ ಹಾಕಿಸಲಿಲ್ಲ. ಬಾರ್ ಇರೋದು ಯಾಕೆ ಅನ್ನೋ ಹಟ. ಕೊನೆಗೆ 1970ರ ದಶಕದಲ್ಲಿ ಹೊನೊಲುಲುಗೆ ಹೋಗಿ ನೆಲೆಸಿ, ಸ್ಟೀಲ್ ಮರೀತಾ ಬಂದಿದ್ದ ಹವಾಯಿಯ ಹುಡುಗರಿಗೇ ಸ್ಟೀಲ್ ಕಲಿಸಿದರು. 2005ರಲ್ಲಿ ಅಲ್ಲೇ ತೀರಿಕೊಂಡರು. ಹವಾಯಿಯಿಂದ ಹೋದದ್ದನ್ನು ಒಹಾಯೊ ಮನುಷ್ಯ ವಾಪಸ್ ತಗೊಂಡು ಹೋಗಿ ಕೊಟ್ಟ.

---

ಜಾಝ್_ಜಗಲಿ · 25 ಜುಲೈ

ಹೋದವರ ಬಗ್ಗೆ ಮಾತಾಡ್ತಿರುವಾಗ ಸೂಸನ್ ಆಲ್ಕಾರ್ನ್ ಹೆಸರೂ ಇರಲಿ. 2025ರ ಜನವರಿ ಕೊನೆಯಲ್ಲಿ ತೀರಿಕೊಂಡರು. ಟೆಕ್ಸಸ್‌ನ ಕಂಟ್ರಿ ಬ್ಯಾಂಡ್‌ಗಳಲ್ಲಿ ನುಡಿಸಿ ಪಳಗಿ, ಆಮೇಲೆ ಅದೇ ಪೆಡಲ್ ಸ್ಟೀಲ್‌ನಲ್ಲಿ ಮೆಸ್ಸಿಯಾನ್, ಪಿಯಾಸೊಲ್ಲಾ ಅವರಂಥವರ ರಚನೆಗಳು, ಲೆಕ್ಕವೇ ಸಿಗದ ಇಂಪ್ರೊವೈಸೇಷನ್ ಎಲ್ಲ ನುಡಿಸಿದರು. ಗಿಟಾರ್ ವಾದಕಿ ಮೇರಿ ಹ್ಯಾಲ್ವರ್ಸನ್ ಅವರ ಎಂಟು ಜನರ ತಂಡದಲ್ಲೂ (ಆಕ್ಟೆಟ್) ಇದ್ದರು. ಎಮನ್ಸ್ ಶೈಲಿಗೂ ಅವರದ್ದಕ್ಕೂ ಭೂಮಿ ಆಕಾಶದ ದೂರ. ಆದರೆ ನುಡಿಸಿದ್ದು ಎಮನ್ಸ್ ತಿದ್ದಿಟ್ಟ ವಾದ್ಯವನ್ನೇ ಅಲ್ವಾ? ಕಂಟ್ರಿ ಬೇಡ ಅನ್ನೋರು ಅಲ್ಲಿಂದ ಶುರು ಮಾಡಬಹುದು.

---

ಮೂನಿ_ಅಭಿಮಾನಿ · 25 ಜುಲೈ

ನಿನ್ನೆ ರಾತ್ರಿ ಕೂತು 'ನೈಟ್ ಲೈಫ್' ಮತ್ತೆ ಕೇಳಿದೆ. ತಂತಿಪ್ರಿಯ ಅವರೇ, ಆ ಶುರು ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಹಾಡುವಾಗ ಪಕ್ಕಕ್ಕೆ ಸರಿಯೋದೂ ನಿಜ. ಆದರೂ ಬ್ರಂಲಿಯೇ ನನ್ನವರು. ಇಷ್ಟಕ್ಕೆ ರಾಜಿ ಆಗೋಣ: ವಾದ್ಯ ಎಮನ್ಸ್ ಕೈದು, ಕಣ್ಣೀರು ಬ್ರಂಲಿ ಕೈದು.

---

ತಂತಿಪ್ರಿಯ · 25 ಜುಲೈ

ರಾಜಿ ಇಲ್ಲ. ಅರ್ನೆಸ್ಟ್ ಟಬ್ ಹಾಡಿದ 'ಹಾಫ್ ಎ ಮೈಂಡ್' (1958) ಕೇಳಿ ಬನ್ನಿ, ಆಮೇಲೆ ಮಾತಾಡೋಣ. ಆಗ ಎಮನ್ಸ್ ಅವರಿಗೆ 21 ವರ್ಷ.

---

ಕಾಫಿಪುಡಿ · 25 ಜುಲೈ

ನಾನು ಪಟ್ಟಿ ಮಾಡಿಕೊಂಡಿದ್ದೀನಿ: ನೈಟ್ ಲೈಫ್, ಟುಗೆದರ್ ಅಗೇನ್, ಸ್ಟೀಲ್ ಗಿಟಾರ್ ಜಾಝ್, ಆಮೇಲೆ ಕಾಬ್ರಾ. @ಮೂರನೇ_ತಂತಿ ಸರ್, ನಿಮ್ಮದು ಎಮನ್ಸ್ ಸೆಟಪ್ಪೋ ಡೇ ಸೆಟಪ್ಪೋ?

---

ಮೂರನೇ_ತಂತಿ · 25 ಜುಲೈ

ಡೇ 🙈 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ದು ಅದೇ. ಈ ಥ್ರೆಡ್‌ನಲ್ಲಿ ಹೇಳಬಾರದು ಅಂತ ಸುಮ್ನಿದ್ದೆ. ಭಾನುವಾರ ಮಧ್ಯಾಹ್ನ ಮನೇಲೇ ಇರ್ತೀನಿ. ಬೆಂಗಳೂರಲ್ಲಿ ಇದ್ದರೆ ಬಂದು ಕೂತು ಒತ್ತಿ ನೋಡಿ. ತಂತಿ ಹರಿದರೆ ನಿಮ್ಮ ಖರ್ಚು.